ಪದ ಪರಿಚಯ: ಹಕ್ಕು ಖುಲಾಸೆ ಪತ್ರ

ಅಪ್ಪ ತೀರಿಕೊಂಡ ಮೇಲೆ ತೋಟದ ಖಾತೆ ಬದಲಾಗಬೇಕು. ವಂಶವೃಕ್ಷದಲ್ಲಿ ಗಂಡುಮಕ್ಕಳ ಜೊತೆ ಹೆಣ್ಣುಮಕ್ಕಳ ಹೆಸರೂ ಬರುತ್ತದೆ. ಆಗ ಕೊಟ್ಟ ಊರಿನಿಂದ ಅಕ್ಕತಂಗಿಯರನ್ನು ತೀರ್ಥಹಳ್ಳಿಗೋ ಸಾಗರಕ್ಕೋ ಕರೆಸಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ 'ಈ ಆಸ್ತಿಯಲ್ಲಿ ನನಗಿರುವ ಹಕ್ಕನ್ನು ಅಣ್ಣನಿಗೆ ಬಿಟ್ಟುಕೊಟ್ಟಿದ್ದೇನೆ' ಎಂದು ಬರೆದ ಕಾಗದಕ್ಕೆ ಸಹಿ ಹಾಕಿಸುತ್ತಾರಲ್ಲ, ಅದೇ ಹಕ್ಕು ಖುಲಾಸೆ ಪತ್ರ. ಬಿಡುಗಡೆ ಪತ್ರ ಅಂತಲೂ ಹೇಳುತ್ತಾರೆ. ಊರಿನ ಮಾತಲ್ಲಿ ಇದು ಸುಮ್ನೆ 'ಒಂದು ಸಹಿ'.

ಕಾನೂನಿನಲ್ಲಿ ಹೆಣ್ಣುಮಕ್ಕಳ ಪಾಲು ಈಗ ಸ್ಪಷ್ಟವಾಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರಲ್ಲಿ. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಇದ್ದ ಹಕ್ಕು ಮಗಳಿಗೆ ಇರಲಿಲ್ಲ. ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದು ಆ ಹಕ್ಕು ಕೊಟ್ಟಿತು, ಅದಕ್ಕೂ ಮೊದಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದವೂ ಹೋಯಿತು. ಆ ವರ್ಷ ಅಪ್ಪ ಬದುಕಿರಲೇಬೇಕಿತ್ತಾ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ 'ಬೇಕಿಲ್ಲ' ಎಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನುಬದ್ಧವಾಗಿ ಮುಗಿದ ಪಾಲುಪಟ್ಟಿಯನ್ನು ಮಾತ್ರ ಮತ್ತೆ ಕೆದಕುವಂತಿಲ್ಲ.

ಇಷ್ಟಾದರೂ ಮಲೆನಾಡಿನಲ್ಲಿ ಎಷ್ಟು ಪಹಣಿಗಳಲ್ಲಿ ಮಗಳ ಹೆಸರಿದೆ, ನೀವೇ ನೋಡಿ. ಕಾನೂನು ಕೊಟ್ಟದ್ದನ್ನು ಈ ಒಂದು ಪತ್ರ ವಾಪಸು ತೆಗೆದುಕೊಳ್ಳುತ್ತದೆ. ಅದೂ ಅವಳ ಕೈಯಿಂದಲೇ, 'ಸ್ವಇಚ್ಛೆಯಿಂದ' ಎಂಬ ಪದ ಹಾಕಿಸಿ. ಯಾರೂ ಹೊಡೆದು ಬಡಿದು ಸಹಿ ಮಾಡಿಸಬೇಕಾಗಿಲ್ಲ. ಪಾಲು ಕೇಳಿದರೆ ತವರು ತಪ್ಪಿಹೋಗುತ್ತದೆ, ಗೌರಿ ಹಬ್ಬಕ್ಕೆ ಕರೆಯುವವರಿರುವುದಿಲ್ಲ, ಗಂಡನ ಮನೆಯಲ್ಲಿ ಏನಾದರೂ ಆದರೆ ಹೋಗಿ ನಿಲ್ಲಲು ಜಾಗವಿರುವುದಿಲ್ಲ ಎಂಬ ಭಯವೇ ಸಾಕು. ಮದುವೆಯಾಗುವ ತನಕ ಅಡಿಕೆ ಕೊಯ್ಲಿನಲ್ಲಿ ರಾತ್ರಿಯೆಲ್ಲ ಕೂತು ಸುಲಿದವಳು ಅವಳೇ. ಪಾಲಿನ ಹೊತ್ತಿಗೆ ಮಾತ್ರ ಅವಳು 'ಹೊರಗಿನವಳು'. ಇದನ್ನು ಪ್ರೀತಿ ಅಂತ ಕರೆಯುವುದು ನನಗೆ ಒಪ್ಪಿಗೆಯಿಲ್ಲ.

ಮದುವೆಗೆ ಖರ್ಚು ಮಾಡಿಲ್ವಾ ಎಂದು ಕೇಳುತ್ತಾರೆ. ಮದುವೆ ಖರ್ಚೇ ಮಗಳ ಪಾಲು ಎಂದು 2005ರ ತಿದ್ದುಪಡಿ ಎಲ್ಲೂ ಹೇಳುವುದಿಲ್ಲ. ಅಣ್ಣನ ಮದುವೆಗೂ ಖರ್ಚಾಗಿರುತ್ತದೆ, ಅಲ್ವಾ?

ಇದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲಿ ಆಸ್ತಿ ಇಟ್ಟುಕೊಳ್ಳಲು 1882ರ ಕಾಯ್ದೆ ಬರಬೇಕಾಯಿತು. ಮುಸ್ಲಿಂ ಉತ್ತರಾಧಿಕಾರದ ನಿಯಮದಲ್ಲಿ ಮಗಳಿಗೆ ಸಾಮಾನ್ಯವಾಗಿ ಮಗನ ಅರ್ಧ ಪಾಲು. ಇನ್ನೊಂದು ಕಡೆ, ಮೇಘಾಲಯದ ಖಾಸಿಗಳಲ್ಲಿ ಮನೆತನದ ಆಸ್ತಿ ಕಿರಿಯ ಮಗಳಿಗೆ ಹೋಗುತ್ತದೆ. ಅಷ್ಟು ದೂರ ಯಾಕೆ, ಆಗುಂಬೆ ಘಾಟಿ ಇಳಿದರೆ ಅಳಿಯಸಂತಾನದ ಮನೆಗಳಿದ್ದವು, ಅಲ್ಲಿ ವಂಶ ನಡೆಯುತ್ತಿದ್ದದ್ದು ಹೆಣ್ಣಿನ ಕಡೆಯಿಂದ. ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇತ್ತು, ನಿಜ. ಆದರೂ ಹೆಣ್ಣಿಗೆ ಆಸ್ತಿ ಹೋದರೆ ಮನೆತನ ಮುಳುಗುತ್ತದೆ ಅನ್ನುವ ಮಾತು ಘಾಟಿಯ ಕೆಳಗೆ ನಿಲ್ಲುವುದಿಲ್ಲ.

ಪಾಲು ಬಿಡುವುದೇ ತಪ್ಪು ಅಂತ ಹೇಳುತ್ತಿಲ್ಲ. ಅಣ್ಣ ಕಷ್ಟದಲ್ಲಿದ್ದಾನೆ, ನನಗೆ ಬೇಡ ಎಂದು ತಿಳಿದು ಕೊಟ್ಟರೆ ಅದು ಅವಳ ಇಷ್ಟ. ಹಣ ತೆಗೆದುಕೊಂಡೂ ಬಿಡಬಹುದು. ಆದರೆ ರಿಜಿಸ್ಟರ್ ಆದ ಪತ್ರವನ್ನು ಆಮೇಲೆ ಮನಸ್ಸು ಬದಲಾಯಿತೆಂದು ರದ್ದು ಮಾಡಲಾಗದು. ಮೋಸ ಅಥವಾ ಒತ್ತಾಯ ಎಂದು ಕೋರ್ಟಿಗೆ ಹೋಗಲೂ ವಿಷಯ ತಿಳಿದ 3 ವರ್ಷದೊಳಗೆ ಹೋಗಬೇಕು. ಹಾಗಾಗಿ ಪತ್ರವನ್ನು ಮೊದಲೇ ಕೇಳಿ ತರಿಸಿಕೊಂಡು, ಯಾವ ಸರ್ವೆ ನಂಬರು, ಎಷ್ಟು ಎಕರೆ ಎಂದು ಓದಿ. ಅಣ್ಣ ಗೊತ್ತುಮಾಡಿದ ವಕೀಲರ ಬದಲು ಬೇರೆಯವರ ಹತ್ತಿರ ತೋರಿಸಿ. ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ.