ಕಣ್ಣು ಬಿದ್ದ ಅಲಸಂದೆ

ಗಾಜನೂರಿನಿಂದ ಸ್ವಲ್ಪ ಮುಂದೆ, ತೀರ್ಥಹಳ್ಳಿ ರಸ್ತೆಗೆ ತಾಗಿಕೊಂಡ ಹಿತ್ತಿಲು. ಅಲಸಂದೆ ಚಪ್ಪರಕ್ಕೆ ಸುಣ್ಣದ ಬೊಟ್ಟಿಟ್ಟ ಮಡಕೆ ಕಟ್ಟಿದ್ದರು. ಕುಡಿಯ ತುದಿಗೆಲ್ಲ ಕರಿ ಎಳ್ಳು ಮೆತ್ತಿದ ಹಾಗೆ ಹೇನು. ಕೆಳಗಿನ ಎಲೆಗಳ ಮೇಲೆ ಅಂಟು ಮಿರುಗುತ್ತಿತ್ತು, ಅದಕ್ಕೆ ಇರುವೆಗಳ ಸಾಲು. "ಹೋಗಿ ಬರೋರ ಕಣ್ಣೆಲ್ಲ ಇದ್ರ ಮೇಲೇ ಬೀಳ್ತದಲ್ಲ ಮಾರಾಯ, ಹಿಂದಿನ ಸಾಲು ನೋಡು, ಚೆನ್ನಾಗೇ ಇದೆ" ಅಂದರು ಮನೆಯ ಅಜ್ಜಿ.

ಅಜ್ಜಿ ಕಂಡದ್ದು ಸರಿ, ರಸ್ತೆ ಬದಿಯ ಸಾಲಿಗೇ ಹೇನು ಹೆಚ್ಚು. ಆದರೆ ದಾರಿಹೋಕರ ಕಣ್ಣು ಲೆಕ್ಕಕ್ಕೆ ಬಂದು, ಅದೇ ದಾರಿಯ ಲಾರಿ ಹೊಗೆ ಬಾರದೆ ಹೋಯಿತಲ್ಲ ಎಂಬುದೇ ನನ್ನ ಸಂಕಟ.

ಹೊಗೆಗೆ ಹುಳ ಸಾಯುತ್ತದೆ ಎಂಬ ನಂಬಿಕೆಯೂ ನಮ್ಮಲ್ಲಿದೆ. ಆದರೆ ಇಂಗ್ಲೆಂಡಿನ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಲು ಇಷ್ಟ. ಬೀನ್ಸ್ ಜಾತಿಯ ಗಿಡಕ್ಕೆ ಮೊದಲು ಹೊಗೆಯಲ್ಲಿರುವ ಸಲ್ಫರ್ ಡೈಆಕ್ಸೈಡನ್ನೋ ನೈಟ್ರೋಜನ್ ಡೈಆಕ್ಸೈಡನ್ನೋ ಹಾಯಿಸಿ, ಆಮೇಲೆ ಹೇನು ಬಿಟ್ಟರು. ಹೇನು ಬೇಗ ಬೆಳೆದವು. ಕೃತಕ ಆಹಾರ ಹೀರುತ್ತಿದ್ದ ಹೇನಿಗೆ ಅದೇ ಅನಿಲ ಹಾಯಿಸಿದಾಗ ಏನೂ ಆಗಲಿಲ್ಲ. ಬದಲಾದದ್ದು ಗಿಡದ ರಸ!

ಗಿಡದ ರಸವೆಂದರೆ ಬೆಲ್ಲದ ನೀರು: ಸಕ್ಕರೆ ಧಾರಾಳ, ಮೈ ಕಟ್ಟುವ ಅಮೈನೋ ಆಮ್ಲ ಅಪರೂಪ. ತಿಳಿಸಾರಿನಲ್ಲಿ ಬೇಳೆ ಹುಡುಕುವ ಪಾಡು ಹೇನಿನದು. ಬೇಳೆ ಸಿಗಲೆಂದು ಸಾರನ್ನೆಲ್ಲ ಕುಡಿದು, ಮಿಕ್ಕ ಸಿಹಿಯನ್ನು ಹಿಂದಿನಿಂದ ಸುರಿಸುತ್ತದೆ. ಎಲೆಯ ಮೇಲಿನ ಅಂಟು ಅದೇ. ಹೊಗೆಯಿಂದ ನಲುಗಿದ ಗಿಡ ತನ್ನ ಪ್ರೋಟೀನುಗಳನ್ನು ಒಡೆಯತೊಡಗುತ್ತದೆ, ಕಟ್ಟಿದ ಗೋಡೆ ಬಿಚ್ಚಿ ಇಟ್ಟಿಗೆ ಹರವಿದ ಹಾಗೆ. ಆ ಇಟ್ಟಿಗೆಗಳೇ ಅಮೈನೋ ಆಮ್ಲ. ತಳದ ಬೇಳೆ ಕದಡಿ ಮೇಲೆ ಬಂದಂತಾಯಿತು. ಯೂರಿಯಾ ಅತಿಯಾದ ಗದ್ದೆಗೆ ಕಂದು ಜಿಗಿಹುಳು ಮುತ್ತುವುದನ್ನು ಬಲ್ಲ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೇನಿಗೆ ಗಂಡೂ ಬೇಡ, ಮೊಟ್ಟೆಯೂ ಬೇಡ, ಮರಿಯನ್ನೇ ಹಾಕುತ್ತದೆ. ಹುಟ್ಟುವ ಮರಿಯ ಹೊಟ್ಟೆಯಲ್ಲಿ ಆಗಲೇ ಮುಂದಿನ ಮರಿ ಮೂಡಿರುತ್ತದೆ. ಒಂದೊಂದು ತಲೆಮಾರು ಅರ್ಧ ದಿನ ಬೇಗ ಬಲಿತರೂ ಬಡ್ಡಿಗೆ ಬಡ್ಡಿ ಬೆಳೆದಂತೆ ಏರುತ್ತದೆ.

ಎಲ್ಲ ಹುಳುವಿಗೂ ಹೀಗೇ ಆಗುವುದಿಲ್ಲ. ವಾಹನದ ಹೊಗೆ ಬಿಸಿಲಿಗೆ ಸಿಕ್ಕು ಹುಟ್ಟುವ ಓಜೋನ್ ಅನಿಲ ಕೆಲವನ್ನು ಹೆಚ್ಚಿಸಿದರೆ ಕೆಲವನ್ನು ಕುಗ್ಗಿಸುತ್ತದೆ. ಆದರೆ ಅದು ಗಿಡದ ವಾಸನೆಯನ್ನೂ ಗಾಳಿಯಲ್ಲೇ ಒಡೆಯುತ್ತದೆ. ಹೇನಿನ ಮೈಯಲ್ಲಿ ಮೊಟ್ಟೆಯಿಡುವ ಪುಟ್ಟ ಕಣಜಗಳಿಗೆ ಆ ವಾಸನೆಯೇ ದಾರಿ. ಇನ್ನು ದಟ್ಟ ದೂಳಿನ ಎಲೆಯ ಮೇಲೆ ಹೇನು ತಿನ್ನುವ ಗುಲಗಂಜಿ ಹುಳುವಿಗೆ ಬೇಟೆಯಾಡುವುದೇ ಕಷ್ಟ.

ಅಜ್ಜಿಯ ಜೊತೆ ಹಿಂದಿನ ಸಾಲಿನ ಕುಡಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಮೂರು ಗುಲಗಂಜಿ ಹುಳು ಸಿಕ್ಕವು. ರಸ್ತೆ ಬದಿಯ ಸಾಲಿನಲ್ಲಿ ಒಂದೂ ಇಲ್ಲ. ಎಲೆ ಸವರಿದರೆ ಬೆರಳಿಗೆ ಕೆಂದೂಳು ಹತ್ತಿತು.