ಹುಟ್ಟುಗುಣ ನಿಜವಾಗಿಯೂ ಸುಟ್ಟರೂ ಹೋಗದಾ?

'ಹುಟ್ಟುಗುಣ ಸುಟ್ಟರೂ ಹೋಗದು' ಅಂತೀವಿ. ಯಾರಾದರೂ ಮತ್ತೆ ಅದೇ ತಪ್ಪು ಮಾಡಿದಾಗ ಈ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ಹತ್ತು ವರ್ಷದ ಮೇಲೆ ಸಿಕ್ಕ ಗೆಳೆಯನನ್ನು ನೋಡಿ 'ಎಷ್ಟು ಬದಲಾಗಿದ್ದೀಯೋ ಮಾರಾಯ' ಅನ್ನುವವರೂ ನಾವೇ. ಈ ಎರಡು ಮಾತುಗಳ ನಡುವೆಯೇ ಮನಶ್ಶಾಸ್ತ್ರ ನೂರಕ್ಕೂ ಜಾಸ್ತಿ ವರ್ಷ ಓಡಾಡಿದೆ.

ಮೊದಮೊದಲು ಗೆದ್ದದ್ದು ಗಾದೆಯೇ. ಮೂವತ್ತರ ಹೊತ್ತಿಗೆ ಬಹುತೇಕರ ಸ್ವಭಾವ ಗಾರೆಯಂತೆ ಗಟ್ಟಿಯಾಗುತ್ತದೆ, ಮತ್ತೆ ಮೆತ್ತಗಾಗುವುದಿಲ್ಲ ಎಂದು 1890ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಬರೆದರು. ಫ್ರಾಯ್ಡ್ ಇನ್ನೂ ಹಿಂದಕ್ಕೆ ಹೋದರು. ಅವರ ಪ್ರಕಾರ ಮೊದಲ ಐದಾರು ವರ್ಷದಲ್ಲೇ ಮುಖ್ಯವಾದದ್ದೆಲ್ಲ ಮುಗಿದಿರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂದಹಾಗೆ.

ಇದನ್ನು ಅಲುಗಾಡಿಸಿದವರು ಫ್ರಾಯ್ಡ್ ಬಳಗದಲ್ಲೇ ಕಲಿತ ಎರಿಕ್ ಎರಿಕ್‌ಸನ್. ಅವರ ಬಾಲ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಹುಡುಗ. ತಾಯಿ ಡೆನ್ಮಾರ್ಕಿನ ಯಹೂದಿ ಮನೆತನದವರು. ತಂದೆ ಯಾರೆಂದು ಆತನಿಗೆ ಕೊನೆಯವರೆಗೂ ತಿಳಿಯಲಿಲ್ಲ. ತಾಯಿ ಮದುವೆಯಾದ ಡಾಕ್ಟರನ್ನೇ ಅಪ್ಪ ಎಂದು ನಂಬಿಸಲಾಗಿತ್ತು. ಹುಡುಗ ಎತ್ತರ, ಹೊಂಬಣ್ಣದ ಕೂದಲು, ನೀಲಿ ಕಣ್ಣು. ಹಾಗಾಗಿ ಯಹೂದಿ ಮಕ್ಕಳು 'ನೀನು ನಮ್ಮವನಲ್ಲ' ಅಂದರು. ಶಾಲೆಯಲ್ಲಿ ಉಳಿದ ಮಕ್ಕಳು ಯಹೂದಿ ಅಂತ ದೂರ ಇಟ್ಟರು. ಮುಂದೆ ಅಮೆರಿಕಕ್ಕೆ ಹೋಗಿ 1939ರಲ್ಲಿ ಅಲ್ಲಿನ ಪ್ರಜೆಯಾದಾಗ ಹೊಸ ಮನೆತನದ ಹೆಸರು ಆರಿಸಿಕೊಂಡರು. ಎರಿಕ್‌ಸನ್ ಅಂದರೆ ಎರಿಕ್‌ನ ಮಗ. ತಂದೆ ಗೊತ್ತಿಲ್ಲದವರು ತಮ್ಮ ಹೆಸರಿನಿಂದಲೇ ತಮ್ಮ ಮೂಲ ಕಟ್ಟಿಕೊಂಡರು. 'ನಾನು ಯಾರು' ಅನ್ನುವ ಪ್ರಶ್ನೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ಎರಡನೇ ಮಹಾಯುದ್ಧದ ಹೊತ್ತಿಗೆ ಅವರು ಮನಸ್ಸು ನೊಂದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದರು. ಆ ಸೈನಿಕರಿಗೆ ತಮ್ಮ ಹೆಸರು ಮರೆತಿರಲಿಲ್ಲ. ಆದರೆ ಯುದ್ಧದ ಮುಂಚಿನ ತಾವು, ಈಗಿನ ತಾವು ಒಬ್ಬರೇ ಅನ್ನುವ ಎಳೆ ಕಡಿದುಹೋಗಿತ್ತು. 'ಐಡೆಂಟಿಟಿ ಕ್ರೈಸಿಸ್' ಎಂಬ ಮಾತು ಹುಟ್ಟಿದ್ದು ಇಲ್ಲಿ. 1950ರಲ್ಲಿ ಅವರು ಬದುಕಿನ ಎಂಟು ಹಂತಗಳ ಲೆಕ್ಕ ಮುಂದಿಟ್ಟರು. ಮಗುವಿಗೆ ನಂಬುವುದಾ ಬೇಡವಾ ಎಂಬ ಎಳೆದಾಟ. ಹರೆಯದಲ್ಲಿ ನಾನು ಯಾರು ಎಂಬ ಎಳೆದಾಟ. ಮುಪ್ಪಿನಲ್ಲಿ, ಬದುಕಿದ್ದು ಸಾರ್ಥಕವಾಯಿತಾ ಎಂಬ ಎಳೆದಾಟ. ಬೆಳವಣಿಗೆ ಐದನೇ ವರ್ಷಕ್ಕೂ ಮುಗಿಯಲ್ಲ, ಮೂವತ್ತಕ್ಕೂ ಮುಗಿಯಲ್ಲ ಅಂತ ಆಯ್ತಲ್ವಾ?

1966ರಲ್ಲಿ ಜೇಮ್ಸ್ ಮಾರ್ಷಿಯಾ ಹರೆಯದ ಹಂತವನ್ನೇ ಇನ್ನಷ್ಟು ಬಿಡಿಸಿ ನೋಡಿದರು. ಅವರು ಹೇಳಿದ ನಾಲ್ಕು ಸ್ಥಿತಿಗಳಲ್ಲಿ ನನ್ನನ್ನು ಕಾಡುವುದು ಒಂದು: ತಾನು ಹುಡುಕದೆ, ಹಿರಿಯರು ತೋರಿಸಿದ್ದನ್ನೇ ತನ್ನದು ಅಂದುಕೊಂಡು ಬೇಗ ನೆಲೆಯಾಗಿಬಿಡುವುದು. ಹೊರಗಿನವರಿಗೆ ಇಂಥವರು ತುಂಬಾ ಗಟ್ಟಿ ಕಾಣುತ್ತಾರೆ. ನಿಜವಾಗಿ ಗೊಂದಲದಲ್ಲಿ ಒದ್ದಾಡುವ ಹುಡುಗಿಯೇ ಒಂದು ಹೆಜ್ಜೆ ಮುಂದಿರಬಹುದು.

ಇತ್ತ ಸ್ವಭಾವವನ್ನು ಅಳೆಯುವವರ ದಾರಿಯೇ ಬೇರೆ. 1936ರಲ್ಲಿ ಆಲ್‌ಪೋರ್ಟ್ ಮತ್ತು ಓಡ್‌ಬರ್ಟ್ ಇಂಗ್ಲಿಷ್ ನಿಘಂಟು ಹಿಡಿದು ಕೂತು, ಮನುಷ್ಯನ ಗುಣ ಹೇಳುವ ಸುಮಾರು 18,000 ಪದ ಹೆಕ್ಕಿದರು. ಆಮೇಲೆ ಬಂದವರು ಅದನ್ನು ಸೋಸಿ ಸೋಸಿ ಐದು ಗುಣಕ್ಕೆ ಇಳಿಸಿದರು. ಈ ಅಳತೆಯೇ ಗಾರೆಯ ಮಾತನ್ನು ಸಡಿಲ ಮಾಡಿತು. ಒಂದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ 92 ಅಧ್ಯಯನಗಳನ್ನು 2006ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಸರಾಸರಿಯಲ್ಲಿ ಜವಾಬ್ದಾರಿಯೂ ಮನಸ್ಸಿನ ಸಮಾಧಾನವೂ ವಯಸ್ಸಿನ ಜೊತೆ ಏರಿದ್ದು ಕಂಡಿತು. ಅದರಲ್ಲೂ ಇಪ್ಪತ್ತರಿಂದ ನಲವತ್ತರ ನಡುವೆ. ಹಾಗಂತ ಗಾದೆ ಪೂರ್ತಿ ಸುಳ್ಳಲ್ಲ. ಇತರರಿಗಿಂತ ಜಾಸ್ತಿ ನಾಚಿಕೆಯಿದ್ದವರು ಸಾಮಾನ್ಯವಾಗಿ ಮುಂದೆಯೂ ಹಾಗೇ ಉಳಿಯುತ್ತಾರೆ.

'ಮಿಡ್‌ಲೈಫ್ ಕ್ರೈಸಿಸ್' ಅನ್ನುವುದು ನಡುವಯಸ್ಸಿನ ತಳಮಳಕ್ಕೆ 1965ರಲ್ಲಿ ಎಲಿಯಟ್ ಜಾಕ್ಸ್ ಕೊಟ್ಟ ಹೆಸರು. 1978ರಲ್ಲಿ ಡೇನಿಯಲ್ ಲೆವಿನ್ಸನ್ ಅದಕ್ಕೆ ಬಲ ತುಂಬಿದರು. ಅವರು ಮಾತಾಡಿಸಿದ್ದು 40 ಜನರನ್ನು, ಅವರೆಲ್ಲರೂ ಗಂಡಸರು. ಇಷ್ಟರಿಂದ ಎಲ್ಲರಿಗೂ ನಲವತ್ತಕ್ಕೆ ಬಿರುಗಾಳಿ ಬರುತ್ತದೆ ಎನ್ನುವುದು ನನಗೆ ಒಪ್ಪಿಗೆಯಾಗಲ್ಲ.

ನನಗೆ ಹೆಚ್ಚು ಹತ್ತಿರವಾದದ್ದು ನ್ಯಾನ್ಸಿ ಶ್ಲಾಸ್‌ಬರ್ಗ್ 1981ರಲ್ಲಿ ಹೇಳಿದ್ದು. ಬದುಕಿನ ತಿರುವು ಅಂದರೆ ಆದ ಘಟನೆ ಮಾತ್ರ ಅಲ್ಲ, ಆಗದೇ ಹೋದದ್ದೂ ತಿರುವೇ. ಆಗದ ಮದುವೆ, ಹುಟ್ಟದ ಮಗು, ಬಾರದ ಬಡ್ತಿ. ಸಾವಾದರೆ ಜನ ಬಂದು ಮಾತಾಡಿಸುತ್ತಾರೆ. ಆಗದೇ ಹೋದದ್ದಕ್ಕೆ ಯಾರೂ ಬರುವುದಿಲ್ಲ. ಇಂಥ ದಿನ ಅಂತ ಅದಕ್ಕೊಂದು ತಾರೀಖೇ ಇರುವುದಿಲ್ಲ.

ಆದ ಘಟನೆಯೂ ಆದ ದಿನವೇ ತಟ್ಟುವುದಿಲ್ಲ. ಕೆಲಸ ಬಿಟ್ಟ ಹೊಸದರಲ್ಲಿ ನಾನೊಂದು ಅರ್ಜಿ ತುಂಬಲು ಕೂತಿದ್ದೆ. ಹೆಸರು, ವಯಸ್ಸು ಸರಸರ ಬರೆದೆ. 'ಉದ್ಯೋಗ' ಅನ್ನುವ ಕಡೆ ಪೆನ್ನು ನಿಂತುಬಿಟ್ಟಿತು. ಹಿಂದಿನ ಹುದ್ದೆ ಬರೆದೆ, ಹೊಡೆದುಹಾಕಿದೆ, ಕೊನೆಗೆ ಸುಮ್ನೆ ಒಂದು ಗೆರೆ ಎಳೆದೆ. ರಾಜೀನಾಮೆ ಕೊಟ್ಟ ದಿನ ಆಗದ ಸಂಕಟ ಆ ಗೆರೆ ಎಳೆಯುವಾಗ ಆಯಿತು.

ಎರಿಕ್‌ಸನ್ 1982ರಲ್ಲಿ ತಮ್ಮ ಎಂಟು ಹಂತಗಳನ್ನು ಮತ್ತೆ ವಿವರಿಸಿ ಪುಸ್ತಕ ತಂದಾಗ ಅದರ ಹೆಸರು 'ದಿ ಲೈಫ್ ಸೈಕಲ್ ಕಂಪ್ಲೀಟೆಡ್'. ಬದುಕಿನ ಚಕ್ರ ಪೂರ್ತಿಯಾಯಿತು ಅಂತ. 1994ರಲ್ಲಿ, 91ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರ ಕೆಲಸದಲ್ಲಿ ಮೊದಲಿನಿಂದಲೂ ಜೊತೆಗಿದ್ದ ಹೆಂಡತಿ ಜೋನ್ ಕೂಡ ಆಗ ತೊಂಬತ್ತು ದಾಟಿದ್ದರು. ದೇಹ ಒಂದೊಂದಾಗಿ ಕೈಕೊಡುವ ಆ ವಯಸ್ಸಿನಲ್ಲಿ, ಮಗುವಾಗಿದ್ದಾಗ ಗಳಿಸಿದ ನಂಬಿಕೆಯನ್ನೂ ಮತ್ತೆ ಮೊದಲಿಂದ ಗಳಿಸಬೇಕಾಗುತ್ತದೆ ಎಂದು ಜೋನ್ ಬರೆದರು. ಒಂಬತ್ತನೇ ಹಂತ ಸೇರಿಸಿಕೊಂಡು ಆ ಪುಸ್ತಕದ ಹೊಸ ಆವೃತ್ತಿ 1997ರಲ್ಲಿ ಬಂತು.