ಬಿಗ್‌ಫುಟ್ ಇದ್ದರೆ ಇಷ್ಟು ವರ್ಷವಾದರೂ ಯಾಕೆ ಸಿಗಲಿಲ್ಲ?

ಪ್ರಶ್ನೆ: ನಮ್ಮದು ಮುಳ್ಳೇರಿಯದ ಹತ್ತಿರ. ತೋಟದ ಹಿಂದೆಯೇ ಕಾಡು. ಆನೆ ಬಂದು ಬಾಳೆ ಮುಗಿಸಿ ಹೋದರೂ ಎಷ್ಟೋ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ. ಆನೆಯೇ ಹೀಗೆ ತಪ್ಪಿಸಿಕೊಳ್ಳುವಾಗ ಅಮೆರಿಕದ ಬಿಗ್‌ಫುಟ್, ಹಿಮಾಲಯದ ಯೇತಿ ಎಂದು ಜನ ಹೇಳುವ, ಎರಡು ಕಾಲಲ್ಲಿ ನಡೆಯುವ ದೈತ್ಯ ವಾನರಗಳು ದೊಡ್ಡ ಕಾಡಿನಲ್ಲಿ ಅಡಗಿ ಇರಬಾರದೇಕೆ?

ಉತ್ತರ: ಆನೆಯನ್ನು ನೀವು ನೋಡಲಿಲ್ಲ, ಸರಿ. ಆದರೆ ಬಂದದ್ದು ಆನೆಯೇ ಎಂದು ಗೊತ್ತಾದದ್ದು ಹೇಗೆ? ಸಿಗಿದು ಹಾಕಿದ ಬಾಳೆ, ಕಣಿಯ ಬದಿಯಲ್ಲಿ ಹೂತ ಹೆಜ್ಜೆ, ಲದ್ದಿ, ಮೈ ಉಜ್ಜಿದ ಮರದ ಮೇಲಿನ ಕೆಸರು. ಕಾಡುಪ್ರಾಣಿಗೆ ಮನುಷ್ಯನ ಕಣ್ಣಿನಿಂದ ತಪ್ಪಿಸಿಕೊಳ್ಳುವುದು ಸುಲಭ, ತನ್ನ ಗುರುತು ಬಿಡದೆ ಬದುಕುವುದು ಸಾಧ್ಯವೇ ಇಲ್ಲ. ಬಿಗ್‌ಫುಟ್ ವಿಷಯದಲ್ಲಿ ಇರಬೇಕಾದ ಗುರುತುಗಳೇ ಇಲ್ಲ. ಇರುವವೆಲ್ಲ ಪರೀಕ್ಷೆ ಮಾಡಿದಾಗ ಬೇರೆ ಪ್ರಾಣಿಯದ್ದಾಗುತ್ತವೆ, ಇಲ್ಲವೇ ಮನುಷ್ಯನ ಕೈಕೆಲಸವಾಗುತ್ತವೆ.

ಬಾಲವಿಲ್ಲದ ದೊಡ್ಡ ವಾನರ ಹೇಗೆ ಬದುಕುತ್ತದೆ ಎಂಬುದು ಚೆನ್ನಾಗಿ ಗೊತ್ತಿರುವ ವಿಷಯ. ಗಂಡು ಗೊರಿಲ್ಲಾಕ್ಕೆ ದಿನಕ್ಕೆ 18 ಕಿಲೋಗೂ ಹೆಚ್ಚು ಸೊಪ್ಪು, ದಂಟು ಬೇಕು. ಅಷ್ಟು ತಿಂದದ್ದು ಹೊರಗೂ ಬರಬೇಕು. ಗೊರಿಲ್ಲಾ ಪ್ರತಿ ರಾತ್ರಿ ಸೊಪ್ಪು ಬಾಗಿಸಿ ಹೊಸ ಹಾಸಿಗೆ ಮಾಡಿಕೊಳ್ಳುತ್ತದೆ, ಅದರಲ್ಲೇ ಲದ್ದಿ ಹಾಕಿ ಎದ್ದು ಹೋಗುತ್ತದೆ. ಉಗಾಂಡಾದ ಬ್ವಿಂಡಿ ಕಾಡಿನಲ್ಲಿ ಗಣತಿಯವರು ಎಲ್ಲ ಗೊರಿಲ್ಲಾಗಳ ಮುಖ ನೋಡುತ್ತಾ ಹೋಗುವುದಿಲ್ಲ. ಬಿಟ್ಟುಹೋದ ಹಾಸಿಗೆಗಳನ್ನು ಹುಡುಕಿ, ಲದ್ದಿಯ ಚೂರು ತೆಗೆದು, ಡಿಎನ್‌ಎಯಿಂದ ಒಂದೊಂದನ್ನೂ ಗುರುತಿಸಿ ಲೆಕ್ಕ ಹಾಕುತ್ತಾರೆ. ಬಿಗ್‌ಫುಟ್‌ನ ಹೆಸರಿನಲ್ಲಿ ಇಂಥ ಒಂದು ಹಾಸಿಗೆ, ಒಂದು ಮುಷ್ಟಿ ಲದ್ದಿ ಕೂಡ ಖಚಿತವಾಗಿ ಸಿಕ್ಕಿಲ್ಲ.

ಇನ್ನು ಹೆಣದ ಲೆಕ್ಕ. ಒಂಟಿ ಪ್ರಾಣಿಯೊಂದು ನೂರಾರು ವರ್ಷ ಬದುಕುವುದಿಲ್ಲ, ಹಿಂಡು ಬೇಕು. ಒರಾಂಗುಟಾನ್ ಹೆಣ್ಣು ಒಂದು ಮರಿ ಹಾಕಿದ ಮೇಲೆ ಮತ್ತೊಂದಕ್ಕೆ ಏಳೆಂಟು ವರ್ಷ ಹಿಡಿಯುತ್ತದೆ. ಇಷ್ಟು ನಿಧಾನವಾಗಿ ಹೆಚ್ಚುವ ಸಂತತಿ ಉಳಿಯಬೇಕಾದರೆ ನೂರಾರು ಪ್ರಾಣಿಗಳಾದರೂ ಇರಲೇಬೇಕು. ಐನೂರು ಇವೆ, ತಲಾ 40 ವರ್ಷ ಬದುಕುತ್ತವೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಹನ್ನೆರಡು ಸಾಯುತ್ತವೆ, ಐವತ್ತು ವರ್ಷದಲ್ಲಿ ಆರುನೂರು. ಕಾಡಿನಲ್ಲಿ ಸತ್ತ ಕರಡಿಯ ಎಲುಬು ಸಿಗುವುದೂ ಅಪರೂಪ ಎಂದು ಬಿಗ್‌ಫುಟ್ ನಂಬುವವರು ಹೇಳುವ ಮಾತು ಸುಳ್ಳಲ್ಲ. ಹುಳಿ ಮಣ್ಣು ಎಲುಬನ್ನು ಕರಗಿಸುತ್ತದೆ, ಮುಳ್ಳುಹಂದಿ ಕಡಿದು ತಿನ್ನುತ್ತದೆ. ಆದರೆ ಕರಡಿಗಳು ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸಾಯುತ್ತವೆ, ಬೇಟೆಗಾರನ ಗುಂಡಿಗೆ ಬೀಳುತ್ತವೆ. ಆರುನೂರರಲ್ಲಿ ಒಂದಾದರೂ ಹಾಗೆ ಸಿಗಬೇಕಿತ್ತು.

ಹಳೆಯ ಕಾಲದ ಸಾಕ್ಷಿಯೂ ಇದನ್ನೇ ಹೇಳುತ್ತದೆ. ಜೈಗಾಂಟೋಪಿಥೆಕಸ್ ಎಂಬ ದೈತ್ಯ ವಾನರ ಏಷ್ಯಾದಲ್ಲಿ ನಿಜವಾಗಿಯೂ ಇತ್ತು. 1935ರಲ್ಲಿ ಹಾಂಗ್‌ಕಾಂಗಿನ ನಾಟಿ ಔಷಧಿ ಅಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದ ಒಂದು ದವಡೆಹಲ್ಲನ್ನು ಪಳೆಯುಳಿಕೆ ತಜ್ಞ ಫಾನ್ ಕೋನಿಗ್ಸ್‌ವಾಲ್ಡ್ ಗುರುತಿಸಿದಾಗ ಅದು ಬೆಳಕಿಗೆ ಬಂತು. ಅದು ಅಳಿದು ಎರಡು ಲಕ್ಷ ವರ್ಷಕ್ಕೂ ಹೆಚ್ಚಾಯಿತು, ಆದರೂ ಅದರ ಹಲ್ಲುಗಳು ಈಗಲೂ ಸಿಗುತ್ತವೆ. ಅಮೆರಿಕ ಖಂಡಗಳಲ್ಲಿ ಇಂಥ ವಾನರದ ಒಂದು ಹಲ್ಲೂ ಸಿಕ್ಕಿಲ್ಲ.

ಹಾಗಾದರೆ ಹೊಸ ದೊಡ್ಡ ಪ್ರಾಣಿ ಸಿಗುವುದೇ ಇಲ್ಲವೇ? ಸಿಗುತ್ತದೆ. ವಿಯೆಟ್ನಾಮಿನ ಸಾವೋಲಾವನ್ನು ನೋಡಿ, ಉದ್ದ ಕೊಂಬಿನ ಮೃಗ. ಜೀವಶಾಸ್ತ್ರಜ್ಞರು ಅದನ್ನು ಕಾಡಿನಲ್ಲಿ ಕಣ್ಣಾರೆ ಕಂಡಿಲ್ಲವೆನ್ನುವಷ್ಟು ಅಪರೂಪ. ಆದರೂ 1992ರಲ್ಲಿ ವು ಕ್ವಾಂಗ್ ಕಾಡಂಚಿನ ಬೇಟೆಗಾರರ ಮನೆಗಳಲ್ಲಿ ಕೊಂಬು ಸಿಕ್ಕಿತು, ಅಷ್ಟು ಸಾಕಾಯಿತು. ಸುಮಾತ್ರಾದ ತಪಾನುಲಿ ಒರಾಂಗುಟಾನನ್ನು ಬೇರೆಯೇ ಪ್ರಭೇದ ಎಂದು ವಿವರಿಸಿದ್ದು 2017ರಲ್ಲಿ. ಇರುವುದು 800ಕ್ಕೂ ಕಡಿಮೆ. ಅಷ್ಟು ಕಡಿಮೆ ಇದ್ದರೂ ಮರದ ಮೇಲೆ ಗೂಡು, ಅಸ್ಥಿಪಂಜರ, ಡಿಎನ್‌ಎ ಎಲ್ಲ ಸಿಕ್ಕಿತು. ನಾಚಿಕೆಯ ಪ್ರಾಣಿ ಹೀಗೆ ಸಿಗುತ್ತದೆ, ಮೊದಲು ಚೂರುಚೂರಾಗಿ, ಆಮೇಲೆ ಇಡಿಯಾಗಿ.

ಕ್ಯಾಮರಾ ಟ್ರ್ಯಾಪ್ ಬಂದ ಮೇಲಂತೂ ಅಡಗುವ ಜಾಗ ತೀರಾ ಕಡಿಮೆಯಾಗಿದೆ. ಪ್ರಾಣಿ ಓಡಾಡುವ ದಾರಿ ಬದಿಯ ಮರಕ್ಕೆ ಮೊಣಕಾಲಿನ ಎತ್ತರದಲ್ಲಿ ಅದನ್ನು ಕಟ್ಟುತ್ತಾರೆ. ಬಿಸಿ ಮೈ ಎದುರಿನಿಂದ ಸರಿದ ಕೂಡಲೇ ಫೋಟೋ ತಾನಾಗಿಯೇ ಬೀಳುತ್ತದೆ. ಅದರಲ್ಲೂ ತೊಂದರೆಗಳಿವೆ: ಬಿಸಿಲಿಗೆ ಕಾದ ಎಲೆ ಅಲ್ಲಾಡಿದರೂ ಫೋಟೋ ಬೀಳುತ್ತದೆ, ಮಳೆಗಾಲದ ತೇವಕ್ಕೆ ಗಾಜು ಮಂಜಾಗುತ್ತದೆ, ಆನೆ ಕಿತ್ತು ತುಳಿಯುತ್ತದೆ. ಆದರೂ 2018ರ ಭಾರತದ ಹುಲಿ ಗಣತಿಯಲ್ಲಿ 26,838 ಕಡೆ ಕಟ್ಟಿದ ಕ್ಯಾಮರಾಗಳು ತೆಗೆದದ್ದು 3 ಕೋಟಿ 48 ಲಕ್ಷಕ್ಕೂ ಹೆಚ್ಚು ಫೋಟೋ. ಅದರಲ್ಲಿ ಹುಲಿಯವು 76,651, ಚಿರತೆಯವು 51,777. ಉತ್ತರ ಅಮೆರಿಕದಲ್ಲಿ ಜಿಂಕೆ ಬೇಟೆಗಾರರೇ ಸ್ವಂತ ಖರ್ಚಿನಲ್ಲಿ ಇಂಥ ಕ್ಯಾಮರಾ ಕಟ್ಟುತ್ತಾರೆ. ಅದರಲ್ಲಿ ಕರಡಿ, ಜಿಂಕೆ, ಪ್ಯೂಮಾ ಎಲ್ಲ ಬೀಳುತ್ತವೆ, ಬಿಗ್‌ಫುಟ್ ಮಾತ್ರ ಖಚಿತವಾಗಿ ಒಂದು ಸಲವೂ ಬಿದ್ದಿಲ್ಲ.

ಹಾಗಾದರೆ ಜನ ಕಂಡದ್ದು ಏನು? ಹೆಚ್ಚಿನ ಸಲ ಕರಡಿ. ಅದು ಹಿಂಗಾಲಲ್ಲಿ ನಿಲ್ಲುತ್ತದೆ, ನಾಲ್ಕು ಹೆಜ್ಜೆ ಹಾಕುವುದೂ ಉಂಟು. ನಡೆಯುವಾಗ ಮುಂಗಾಲಿನ ಗುರುತಿನ ಮೇಲೆ ಹಿಂಗಾಲು ಬಿದ್ದು, ಎರಡೂ ಸೇರಿ ಉದ್ದನೆಯ ಮನುಷ್ಯ ಪಾದದಂತೆ ಕಾಣುತ್ತದೆ. ಹಿಮದಲ್ಲಾದರೆ ಬಿಸಿಲಿಗೆ ಅಂಚು ಕರಗಿ ಹೆಜ್ಜೆ ಇನ್ನೂ ಅಗಲವಾಗುತ್ತದೆ. 2019ರ ಏಪ್ರಿಲಿನಲ್ಲಿ ಭಾರತೀಯ ಸೇನೆ ನೇಪಾಳದ ಮಕಾಲು ಪರ್ವತದ ಬೇಸ್ ಕ್ಯಾಂಪ್ ಹತ್ತಿರ ಕಂಡ ಯೇತಿಯದ್ದೆಂದು ಹಾಕಿದ 32 ಇಂಚು ಉದ್ದದ ಹೆಜ್ಜೆಯ ಫೋಟೋಗಳನ್ನು ನೀವೂ ನೋಡಿರಬಹುದು, ಅವೂ ಹಿಮದ ಮೇಲಿನವೇ. ಯೇತಿಯದ್ದೆಂದು ಇಟ್ಟಿದ್ದ ಒಂಬತ್ತು ಮಾದರಿಗಳ ಡಿಎನ್‌ಎಯನ್ನು 2017ರಲ್ಲಿ ಷಾರ್ಲಟ್ ಲಿಂಡ್‌ಕ್ವಿಸ್ಟ್ ಅವರ ತಂಡ ನೋಡಿದಾಗ ಎಂಟು ಕರಡಿಯವು, ಒಂದು ನಾಯಿಯದು.

ಇನ್ನು ಕೆಲವು ಶುದ್ಧ ಮೋಸ. ‘ಬಿಗ್‌ಫುಟ್’ ಎಂಬ ಹೆಸರು ಹಬ್ಬಿದ್ದೇ 1958ರಲ್ಲಿ, ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್‌ನಲ್ಲಿ ರಸ್ತೆ ಕೆಲಸದವರಿಗೆ ದೊಡ್ಡ ಹೆಜ್ಜೆಗಳು ಕಂಡಾಗ. ಆ ಕೆಲಸದ ಗುತ್ತಿಗೆದಾರ ರೇ ವ್ಯಾಲೇಸ್ 2002ರಲ್ಲಿ ತೀರಿಕೊಂಡ ಮೇಲೆ, ಹೆಜ್ಜೆ ಒತ್ತಲು ಬಳಸಿದ ಮರದ ಪಾದಗಳನ್ನು ಮನೆಯವರೇ ತೋರಿಸಿದರು.

ಒಂದು ಮಾತು ಇಲ್ಲಿ ಹೇಳಲೇಬೇಕು. ಬಿಗ್‌ಫುಟ್‌ಗೆ ಇರುವ ಇನ್ನೊಂದು ಹೆಸರು ಸಾಸ್ಕ್ವಾಚ್. ಅದು ಕೆನಡಾದ ಮೂಲನಿವಾಸಿಗಳ ಭಾಷೆಯಿಂದ ಬಂದ ಹೆಸರು, ಅವರ ಕಾಡಿನ ಕಥೆಗಳ ಜೀವ. ನಮ್ಮ ಊರಿನ ದೈವವನ್ನು ಕ್ಯಾಮರಾದಲ್ಲಿ ಹಿಡಿದು ತೋರಿಸಿ ಎಂದು ಯಾರೂ ಕೇಳುವುದಿಲ್ಲ. ಅವರ ನಂಬಿಕೆಗೂ ಆ ಗೌರವ ಸಲ್ಲಬೇಕು. ನಾವು ಹೇಳುತ್ತಿರುವುದು ಮಾಂಸ, ಎಲುಬಿನ ಪ್ರಾಣಿಯ ಬಗ್ಗೆ ಮಾತ್ರ.

ನಿಮ್ಮ ತೋಟದಲ್ಲೇ ಗುರುತು ಸಿಗದ ಹೆಜ್ಜೆ ಕಂಡರೆ ಮೊದಲು ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆಯಿರಿ. ಓರೆಯಾಗಿ ತೆಗೆದರೆ ಅಳತೆ ಸುಳ್ಳಾಗುತ್ತದೆ. ಒಂದೇ ಹೆಜ್ಜೆ ನೋಡಿ ತೀರ್ಮಾನಿಸಬೇಡಿ. ಇಳಿಜಾರಿನ ಕೆಸರಿನಲ್ಲಿ ಕಾಲು ಜಾರಿದರೆ ಸಣ್ಣ ಪಾದವೂ ಉದ್ದವಾಗುತ್ತದೆ, ಆದ್ದರಿಂದ ಸಮತಟ್ಟಾದ ಜಾಗದ ಹೆಜ್ಜೆ ಹುಡುಕಿ. ಅಚ್ಚು ತೆಗೆಯಲು ಅಡಕೆ ಹಾಳೆ ಸಾಕು. ಹಾಳೆಯನ್ನು ನೀರಲ್ಲಿ ನೆನೆಸಿ, ನಾಲ್ಕು ಬೆರಳು ಅಗಲದ ಪಟ್ಟಿ ಕತ್ತರಿಸಿ, ಹೆಜ್ಜೆಯ ಸುತ್ತ ಬೇಲಿಯಂತೆ ಊರಿ. ಒಳಗೆ ನಿಂತ ನೀರನ್ನು ಹತ್ತಿಯಿಂದ ಹೀರಿಸಿ, ಇಲ್ಲದಿದ್ದರೆ ಬೆರಳಿನ ಗುರುತು ಮೂಡುವುದಿಲ್ಲ. ಎರಡು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಒಂದು ಪಾಲು ನೀರು, ದೋಸೆ ಹಿಟ್ಟಿನ ಹದ. ಎತ್ತರದಿಂದ ಸುರಿದರೆ ಹೆಜ್ಜೆಯೇ ಕೆಡುತ್ತದೆ, ಬದಿಯಿಂದ ಗೆರಟೆಯಲ್ಲಿ ಮೆಲ್ಲಗೆ ಬಿಡಿ. ಅರ್ಧ ಗಂಟೆ ಬಿಟ್ಟು ಎತ್ತಿ, ಮಣ್ಣು ತೊಳೆಯುವುದು ಮರುದಿನಕ್ಕಿರಲಿ.

ಬೇಲಿಯಲ್ಲಿ ಕಪ್ಪು ಎಳೆ ಸಿಕ್ಕಿಕೊಂಡಿದ್ದರೆ ಅದು ಬೈನೆ ಮರದ ನಾರೂ ಆಗಿರಬಹುದು, ನೋಡಲಿಕ್ಕೆ ಕೂದಲೇ. ಒಂದು ಎಳೆಯನ್ನು ಬೆಂಕಿಗೆ ಹಿಡಿಯಿರಿ. ಕೂದಲಾದರೆ ಸುರುಟಿ ಗರಿ ಸುಟ್ಟ ವಾಸನೆ ಬರುತ್ತದೆ, ನಾರಾದರೆ ಕಾಗದದ ಹಾಗೆ ಉರಿಯುತ್ತದೆ. ಕೂದಲೇ ಆಗಿದ್ದರೆ ಉಳಿದ ಎಳೆಗಳನ್ನು ಕೈಯಿಂದ ಮುಟ್ಟದೆ ಚಿಮಟದಲ್ಲಿ ಬುಡಸಹಿತ ತೆಗೆದು ಕಾಗದದ ಲಕೋಟೆಗೆ ಹಾಕಿ. ಪ್ಲಾಸ್ಟಿಕ್ ಬೇಡ, ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಜಾಗ, ದಿನ, ಗಂಟೆ ಮೇಲೆ ಬರೆದು ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಕೊಡಿ.